ಸಲಮಾಂಕಾದ ಸುತ್ತಾಟಕ್ಕೆ ಇಂಗ್ಲಿಷ್ ಕಾಲು

ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಬಹುಪಾಲು ಕಂಪನಿ ಕರಾರು, ಯಂತ್ರಗಳ ಕೈಪಿಡಿ, ಕೋರ್ಟಿನ ಕಾಗದ. ಅವುಗಳಲ್ಲಿ ಯಾರೂ ಸುಮ್ನೆ ತಿರುಗಾಡುವುದಿಲ್ಲ. ಸರಕು ಹೋಗುತ್ತದೆ, ನೋಟಿಸ್ ಬರುತ್ತದೆ, ಅಷ್ಟೇ. ಹಾಗಾಗಿ ಸಲಮಾಂಕಾ ಊರಿನ ನಿವೃತ್ತ ಮೇಷ್ಟ್ರೊಬ್ಬರ ನೆನಪಿನ ಬರಹ ಕೈಗೆ ಬಂದಾಗ ದರದ ಬಗ್ಗೆ ಜಾಸ್ತಿ ಚೌಕಾಸಿ ಮಾಡದೆ ಒಪ್ಪಿಕೊಂಡೆ.

ಸಲಮಾಂಕಾ ಇರುವುದು ಸ್ಪೇನಿನ ಪಶ್ಚಿಮಕ್ಕೆ, ಪೋರ್ಚುಗಲ್ ಗಡಿಯ ಕಡೆ. ಹಳೇ ಯೂನಿವರ್ಸಿಟಿ ಊರು. ಮೇಷ್ಟ್ರ ಬಾಲ್ಯ, ಹರೆಯ ಎಲ್ಲ 1940, 50ರ ದಶಕದ್ದು. ಅವರ ಮಗಳು ಮದುವೆಯಾಗಿ ಇಂಗ್ಲೆಂಡಿನಲ್ಲಿದ್ದಾರೆ. ಮೊಮ್ಮಕ್ಕಳಿಗೆ ಅಜ್ಜನ ಭಾಷೆ ಅರೆಬರೆ. ಅವರು ಓದಲಿ ಅಂತಲೇ ಈ ಅನುವಾದ. ಮನೆಮಂದಿಗೆ ಮಾತ್ರ ಅಚ್ಚಾಗುವ ಪುಸ್ತಕ, ಹೆಸರು ಬೇಡ ಅಂದಿದ್ದಾರೆ. ಪ್ರತಿ ಅಧ್ಯಾಯ ಮುಗಿಸಿ ಕಳಿಸಿದಾಗಲೂ ಅದನ್ನು ಮೊದಲು ಓದುತ್ತಿದ್ದವರು ಇಂಗ್ಲಿಷ್ ಅಳಿಯ. ಸ್ಪ್ಯಾನಿಷ್‌ನ ಗಂಧಗಾಳಿ ಇಲ್ಲದ ಮನುಷ್ಯ. ಅನುವಾದಕರಿಗೆ ಇದಕ್ಕಿಂತ ಒಳ್ಳೆಯ ಓದುಗ ಸಿಗಲಾರ.

ಬರಹದಲ್ಲಿ ಘಟನೆ ಕಡಿಮೆ, ನಡಿಗೆ ಜಾಸ್ತಿ. ಪುಟಪುಟಕ್ಕೂ ಯಾರೋ ಎಲ್ಲೋ ಸುತ್ತುತ್ತಿರುತ್ತಾರೆ. ಪಸೆಯಾರ್, ದಾರ್ ಉನಾ ಬುಯೆಲ್ತಾ, ಕಾಯೆಖೆಯಾರ್, ರೊಂದಾರ್, ದೆಯಾಂಬುಲಾರ್, ಬಗಾರ್, ಮೆರೊದೆಯಾರ್, ಹೀಗೆ ಸುತ್ತಾಟಕ್ಕೇ ಏಳು ಮಾತು. ಶುರುವಿನಲ್ಲೇ ಇವನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಎಳೆದುಕೊಂಡೆ. ಒಂದು ಕಾಲಮ್ಮಿನಲ್ಲಿ ಪದ, ಪಕ್ಕದಲ್ಲಿ ಯಾರು ನಡೆದರು, ಯಾರ ಜೊತೆ, ಎಷ್ಟು ಹೊತ್ತಿಗೆ. ಹೇಗೆ ನಡೆದರು ಅನ್ನುವ ಕಾಲಮ್ಮನ್ನೂ ಹಾಕಿದ್ದೆ. ಅದು ಖಾಲಿಯೇ ಉಳಿಯಿತು. ಇಡೀ ಕೆಲಸದ ಕಷ್ಟ ಆ ಖಾಲಿ ಕಾಲಮ್ಮಿನಲ್ಲೇ ಇತ್ತು ಅಂತ ಆಮೇಲೆ ಗೊತ್ತಾಯಿತು.

ಇಂಗ್ಲಿಷ್‌ನ ನಡಿಗೆಯ ಪದಗಳೆಲ್ಲ ಕಾಲಿನ ಮೇಲೇ ಕಣ್ಣಿಟ್ಟಿರುತ್ತವೆ. ಸ್ಟ್ರೋಲ್ ಅಂದರೆ ನಿಧಾನ, ಆರಾಮ. ಸಾಂಟರ್ ಅಂದರೆ ಅದಕ್ಕೊಂದಿಷ್ಟು ಠೀವಿ. ಆಂಬಲ್ ಅಂದರೆ ಹಗೂರ ಹೆಜ್ಜೆ. ಟ್ರಜ್ ಅಂದರೆ ಕಾಲೆಳೆದುಕೊಂಡು. ಇಂಥವು ಅಲ್ಲಿ ರಾಶಿ ಇವೆ. ನಮ್ಮ ಮೇಷ್ಟ್ರಿಗೆ ಕಾಲಿನ ಚಿಂತೆಯೇ ಇಲ್ಲ. ಯಾರ ಜೊತೆ ಹೋದ, ಹೋಗಲು ಅವನಿಗೆ ಹಕ್ಕಿತ್ತೇ, ನೋಡಿದವರು ಏನಂದುಕೊಂಡರು, ಇದನ್ನೆಲ್ಲ ಅವರ ಪದಗಳು ಹೊತ್ತಿರುತ್ತವೆ.

ಲಿಯೊನಾರ್ಡ್ ಟಾಲ್ಮಿ ಎಂಬ ಭಾಷಾಶಾಸ್ತ್ರಜ್ಞ 1985ರಲ್ಲೇ ಇದರ ಒಂದು ಮಗ್ಗುಲನ್ನು ತೋರಿಸಿದ್ದರು. ಇಂಗ್ಲಿಷ್‌ನಲ್ಲಿ ಹೇಗೆ ಚಲಿಸಿದ ಅನ್ನುವುದು ಕ್ರಿಯಾಪದದೊಳಗೇ ಕೂರುತ್ತದೆ, ಎತ್ತ ಅನ್ನುವುದು ಇನ್, ಔಟ್, ಅಪ್ ಥರದ ಪುಟ್ಟ ಪದಗಳಿಗೆ ಹೋಗುತ್ತದೆ. ಸ್ಪ್ಯಾನಿಷ್‌ನಲ್ಲಿ ಉಲ್ಟಾ. ಒಳಗೆ ಬಂದ, ಹೊರಗೆ ಹೋದ ಅನ್ನುವುದೇ ಕ್ರಿಯಾಪದ. ಹೇಗೆ ಅನ್ನುವುದನ್ನು ಬೇಕಿದ್ದರೆ ಪಕ್ಕಕ್ಕೆ ಸೇರಿಸಬಹುದು, ಬೇಡವಾದರೆ ಬಿಡಬಹುದು. ಕನ್ನಡದವರಿಗೆ ಇದು ಹೊಸದೇನಲ್ಲ. ನಾವೂ 'ಓಡಿಕೊಂಡು ಬಂದ' ಅಂತೀವಿ, 'ಬಂದ' ಅಂತಲೇ ಬಿಡುವುದೂ ಉಂಟು. ಹೀಗಾಗಿ ಮೇಷ್ಟ್ರ ವಾಕ್ಯಗಳನ್ನು ಓದುವಾಗ ನನಗೆ ಏನೂ ಕೊರತೆ ಕಾಣಲಿಲ್ಲ. ಕೊರತೆ ಕಂಡಿದ್ದು ಅಳಿಯನಿಗೆ.

'ಅಪ್ಪ ಚೌಕಕ್ಕೆ ಬಂದರು' ಅಂತ ಮೂಲದಲ್ಲಿ ಇದ್ದುದನ್ನು ಇಂಗ್ಲಿಷ್‌ನಲ್ಲೂ ಅಷ್ಟೇ ಬೋಳಾಗಿ ಇಟ್ಟಿದ್ದೆ. ಅಳಿಯ ಪಕ್ಕದಲ್ಲಿ ಬರೆದರು: ಪೊಲೀಸ್ ವರದಿ ಓದಿದ ಹಾಗಿದೆ. ಸರಿ ಅಂತ 'ಸ್ಟ್ರೋಲ್ಡ್ ಇಂಟು' ಹಾಕಿದೆ. ತಕ್ಷಣ ವಾಕ್ಯಕ್ಕೆ ಜೀವ ಬಂತು. ಅಲ್ಲಿಂದ ಕೈ ಸಡಿಲವಾಯಿತು. ಒಂದು ಕಡೆ ಸಾಂಟರ್, ಇನ್ನೊಂದು ಕಡೆ ಆಂಬಲ್, ಸ್ಟ್ರೋಲ್ ಅಂತೂ ಎಲ್ಲೆಂದರಲ್ಲಿ. ಅನುವಾದಕರ ಈ ಚಾಳಿಯನ್ನು ಡ್ಯಾನ್ ಸ್ಲೋಬಿನ್ ಎಂಬ ಇನ್ನೊಬ್ಬ ಭಾಷಾಶಾಸ್ತ್ರಜ್ಞ 1996ರ ಪ್ರಬಂಧವೊಂದರಲ್ಲಿ ಕಾದಂಬರಿಗಳನ್ನೇ ಮುಂದಿಟ್ಟುಕೊಂಡು ತೋರಿಸಿದ್ದಾರೆ. ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ಹೋಗುವಾಗ ನಡಿಗೆಯ ಬಗೆ ಉದುರಿಹೋಗುತ್ತದೆ. ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ಬರುವಾಗ ಮೂಲದಲ್ಲಿ ಇಲ್ಲದ್ದೂ ಸೇರಿಕೊಳ್ಳುತ್ತದೆ. ನನ್ನ ಕರಡಿನಲ್ಲಿ ಮೇಷ್ಟ್ರ ಅಪ್ಪ ಥೇಟ್ ಲಂಡನ್ನಿನ ಶೋಕಿಲಾಲನಂತೆ ಹೆಜ್ಜೆ ಹಾಕುತ್ತಿದ್ದರು. ಆ ಮನುಷ್ಯ ಅಂಚೆ ಕಚೇರಿಯ ಗುಮಾಸ್ತ.

ಮೊದಲು ಜಗ್ಗದೆ ಕೂತ ಪದ ಬುಯೆಲ್ತಾ. 'ದಾರ್ ಉನಾ ಬುಯೆಲ್ತಾ' ಅಂದರೆ ಒಂದು ಸುತ್ತು ಹಾಕುವುದು. ನಾವು 'ಬಾ, ಒಂದ್ ಸುತ್ತು ಹಾಕ್ಕೊಂಡು ಬರೋಣ' ಅಂತೀವಲ್ಲ, ಅದೇ ಮಾತು, ಅದೇ ಧಾಟಿ. ಕಾಲ್ನಡಿಗೆಯಲ್ಲೂ ಹೋಗಬಹುದು, ಕಾರಿನಲ್ಲೂ ಹೋಗಬಹುದು. ಹೊರಟಲ್ಲಿಗೇ ವಾಪಸ್ ಬರುವುದು ಮುಖ್ಯ. ಗೋ ಫಾರ್ ಎ ವಾಕ್ ಅಂದರೆ ಈ ಸುತ್ತು ಮಾಯ. ಬೇರೆ ಊರಿನ ಕತೆಯಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಸಲಮಾಂಕಾದಲ್ಲಿ ಸುತ್ತು ಅಂದರೆ ಅಕ್ಷರಶಃ ಸುತ್ತು.

ಅಲ್ಲಿನ ಪ್ಲಾಸಾ ಮಯೊರ್, ಅಂದರೆ ದೊಡ್ಡ ಚೌಕ, 1729ರಿಂದ 1755ರವರೆಗೆ ಕಟ್ಟಿದ್ದು. ಶುರುವಿನ ನಕ್ಷೆ ವಾಸ್ತುಶಿಲ್ಪಿ ಆಲ್ಬೆರ್ತೊ ದೆ ಚುರ್ರಿಗೇರಾ ಅವರದ್ದು. ಪಕ್ಕದ ಬಿಯಾಮಯೊರ್‌ನ ಮರಳುಗಲ್ಲು, ಬಿಸಿಲು ಬಿದ್ದರೆ ಬಂಗಾರದ ಬಣ್ಣ. ನಾಲ್ಕೂ ಕಡೆ ಕಮಾನುಗಳ ಸಾಲು, ಅದರಡಿಯಲ್ಲಿ ನೆರಳಿನ ದಾರಿ. ಹಿಂದೆ ಸಂಜೆಯಾದರೆ ಹುಡುಗರು ಒಂದು ದಿಕ್ಕಿಗೆ, ಹುಡುಗಿಯರು ಎದುರು ದಿಕ್ಕಿಗೆ ಸುತ್ತುವ ರೂಢಿ ಇತ್ತು. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಎಲ್ಲರಿಗೂ ಗೊತ್ತು. ಸ್ಪೇನಿನ, ಮೆಕ್ಸಿಕೊದ ಎಷ್ಟೋ ಊರುಗಳ ಚೌಕದಲ್ಲಿ ಇದೇ ಪದ್ಧತಿ ಇತ್ತು. ಲೆಕ್ಕ ಹಾಕಿ ನೋಡಿ. ಇಬ್ಬರೂ ಒಂದೇ ವೇಗದಲ್ಲಿ ಎದುರುಬದುರು ಸುತ್ತಿದರೆ ಒಂದು ಸುತ್ತಿಗೆ ಎರಡು ಸಲ ಎದುರಾಗುತ್ತಾರೆ. ಮೊದಲ ಸಲ ಕಂಡೂ ಕಾಣದ ಹಾಗೆ ಇರಬೇಕು, ಎರಡನೇ ಸಲ ತಲೆ ಆಡಿಸಬಹುದು, ಮಾತಾಡಿಸಲು ಇನ್ನೊಂದು ಸುತ್ತು ಕಾಯಬೇಕು. ಮೇಷ್ಟ್ರ ಬರಹದಲ್ಲಿ ಸುತ್ತು ಅನ್ನುವುದು ಗಡಿಯಾರವೂ ಹೌದು. 'ಮೂರು ಬುಯೆಲ್ತಾ ಆದಮೇಲೆ ಅವಳು ನಕ್ಕಳು' ಅಂತ ಬರೆಯುತ್ತಾರೆ.

ಇಲ್ಲಿ ಲ್ಯಾಪ್ ಹಾಕಿದರೆ ಓಟದ ಮೈದಾನ. ಸರ್ಕ್ಯೂಟ್ ಅಂದರೆ ಜಿಮ್ಮು. ರೌಂಡ್ ಅಂದರೆ ಡಾಕ್ಟರೋ ಬಾರಿನ ಬಿಲ್ಲೋ. ಹಳೇ ಇಂಗ್ಲಿಷ್‌ನಲ್ಲಿ ಟೇಕ್ ಎ ಟರ್ನ್ ಅನ್ನುವ ಮಾತಿದೆ. ತೋಟದಲ್ಲೋ ಹಜಾರದಲ್ಲೋ ಒಂದು ಸುತ್ತು ಹಾಕುವುದು. ಸ್ವಲ್ಪ ಹಳೇ ಪೆಟ್ಟಿಗೆಯ ವಾಸನೆ ಇದೆ, ಇರಲಿ ಅಂತ ಅದನ್ನೇ ಹಿಡಿದೆ. 'ಎ ಟರ್ನ್ ರೌಂಡ್ ದ ಸ್ಕ್ವೇರ್'. ಮೂರು ಟರ್ನ್ ಆದಮೇಲೆ ಅವಳು ನಕ್ಕಳು. ಅಳಿಯನಿಂದ ತಕರಾರು ಬರಲಿಲ್ಲ. ಬದಲಿಗೆ ಆ ಎದುರುಬದುರು ದಿಕ್ಕಿನ ಚಿತ್ರ ಬಿಡಿಸಿ ಕಳಿಸಿದರು, ಹೀಗೇನಾ ಅಂತ.

ಇನ್ನೊಂದು ತೊಡಕು ಪದದ್ದಲ್ಲ, ಗಡಿಯಾರದ್ದು. 'ಸಂಜೆ ಎಂಟಕ್ಕೆ ಪಸೇಯೊಗೆ ಹೊರಟೆವು' ಅಂತ ಒಂದು ವಾಕ್ಯ. ಪಸೇಯೊ ಅಂದರೆ ಪಸೆಯಾರ್‌ನ ನಾಮಪದ, ಅಡ್ಡಾಟ. ಅಳಿಯ ಅದಕ್ಕೆ 'ಊಟ ಮುಗಿಸಿ' ಅಂತ ಸೇರಿಸಿ ಕಳಿಸಿದ್ದರು. ಇಂಗ್ಲೆಂಡಿನಲ್ಲಿ ಎಂಟಕ್ಕೆ ಊಟ ಮುಗಿದು ಪಾತ್ರೆಯೂ ತೊಳೆದಾಗಿರುತ್ತದೆ. ಸ್ಪೇನಿನಲ್ಲಿ ರಾತ್ರಿಯೂಟ ಒಂಬತ್ತರ ಮೇಲೆ, ಹತ್ತಾದರೂ ಆಶ್ಚರ್ಯವಿಲ್ಲ. ಪಸೇಯೊ ಇರುವುದು ಊಟಕ್ಕೆ ಮುಂಚೆ. ಜೊತೆಗೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿತು. ಭೂಪಟ ನೋಡಿದರೆ ಸ್ಪೇನ್ ಇರುವುದು ಲಂಡನ್ನಿನ ನೇರದಲ್ಲಿ, ಸಮಯ ಮಾತ್ರ ಬರ್ಲಿನ್ನಿನದು. ಆಮೇಲೆ ಅದನ್ನು ಹಿಂದಕ್ಕೆ ತಿರುಗಿಸಲೇ ಇಲ್ಲ. ಈಗ ಬೇಸಿಗೆಯಲ್ಲಿ ಗಡಿಯಾರ ಇನ್ನೂ ಒಂದು ಗಂಟೆ ಮುಂದೆ ಹೋಗುವುದರಿಂದ ಜೂನ್‌ನಲ್ಲಿ ಸಲಮಾಂಕಾದ ಸೂರ್ಯ ಮುಳುಗುವಾಗ ಹತ್ತರ ಹತ್ತಿರ. ಎಂಟು ಗಂಟೆ ಅಂದರೆ ಅವರಿಗೆ 'ತಾರ್ದೆ'. ಮಧ್ಯಾಹ್ನವೂ ಅದೇ, ಸಂಜೆಯೂ ಅದೇ. ಇಂಗ್ಲಿಷ್‌ನ ಈವ್ನಿಂಗ್ ಸ್ಟ್ರೋಲ್ ಅಂದರೆ ದೀಪ ಹಚ್ಚಿದ ಬೀದಿ ಕಣ್ಣಿಗೆ ಬರುತ್ತದೆ. ನನಗೆ ಬೇಕಿದ್ದದ್ದು ಕಣ್ಣು ಕುಕ್ಕುವ ಬಿಸಿಲು. ಅಲ್ಲಿ ಅರ್ಧ ವಾಕ್ಯ ಸೇರಿಸಿದೆ: ಹಸಿದ ಹೊಟ್ಟೆಯಲ್ಲಿ, ಬಿಸಿಲು ಇನ್ನೂ ಇಳಿಯುವ ಮೊದಲು. ಮೇಷ್ಟ್ರ ಮಗಳನ್ನು ಕೇಳಿಯೇ ಸೇರಿಸಿದ್ದು. ಅಡಿಟಿಪ್ಪಣಿ ಹಾಕುವುದು ನನಗೆ ಮೊದಲಿಂದಲೂ ಆಗಿಬರುವುದಿಲ್ಲ.

ಕಾಯೆಖೆಯಾರ್ ವಿಷಯಕ್ಕೆ ಬರೋಣ. ಕಾಯೆ ಅಂದರೆ ಬೀದಿ. ಅದನ್ನೇ ಕ್ರಿಯಾಪದ ಮಾಡಿದ್ದಾರೆ. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ತೆಗೆದರೆ ಅರ್ಥದ ಜೊತೆ ಬೈಗುಳವೂ ಉಚಿತ: ಪದೇಪದೇ, ಅಗತ್ಯವಿಲ್ಲದೆ, ಬೀದಿಯಿಂದ ಬೀದಿಗೆ ನಡೆಯುವುದು. ಅಗತ್ಯವಿಲ್ಲದೆ! ನಿಘಂಟು ಬರೆದವರ ಅಮ್ಮ ಪಕ್ಕದಲ್ಲೇ ಕೂತಿದ್ದರೇನೋ. ನಮ್ಮ 'ಬೀದಿ ಸುತ್ತೋದು', 'ಬೀದಿ ಬಸವ' ಎಲ್ಲ ಇದೇ ಜಾತಿ. ಈಗಿನ ಪ್ರವಾಸಿ ಬರಹಗಳಲ್ಲಿ ಈ ಪದಕ್ಕೆ ಒಳ್ಳೆಯ ಹೆಸರು ಬಂದಿದೆ. ಹಳೇ ಊರಿನ ಗಲ್ಲಿಗಳಲ್ಲಿ ಕಾಯೆಖೆಯಾರ್ ಮಾಡಿ ಅಂತ ಕರೆಯುತ್ತಾರೆ. ಆದರೆ 1950ರ ಸಲಮಾಂಕಾದ ಅಡುಗೆಮನೆಯಲ್ಲಿ ಅದು ಬೈಗುಳವೇ.

ಮೇಷ್ಟ್ರ ಅಮ್ಮ ಈ ಪದವನ್ನು ಇಬ್ಬರಿಗೆ ಬಳಸುತ್ತಾರೆ. ಮಗನಿಗೆ ಒಂದು ಸಲ, ಮಗಳಿಗೆ ಒಂದು ಸಲ. ಮಗನಿಗೆ ಅಂದಾಗ ಅದರಲ್ಲಿ ನಗು ಇದೆ. ಮಗಳಿಗೆ ಅಂದಾಗ ಹೆದರಿಕೆ ಇದೆ. ಕಾಯೆಖೇರೊ ಅಂದರೆ ಬೀದಿಯದು, ಬೀದಿ ನಾಯಿಗೂ ಅದೇ ಪದ. ಹೆಣ್ಣುಮಗಳಿಗೆ ಕಾಯೆಖೇರಾ ಅಂದರೆ ಮದುವೆ ಮಾತುಕತೆ ಕೆಡುವಷ್ಟು ಮಾತು. ಇಂಗ್ಲಿಷ್‌ನಲ್ಲಿ ಇದಕ್ಕೆ ನೇರವಾಗಿ ಹೊಳೆಯುವುದು ವಾಕಿಂಗ್ ದ ಸ್ಟ್ರೀಟ್ಸ್. ಹೆಣ್ಣಿನ ವಿಷಯದಲ್ಲಿ ಅದನ್ನು ಅಪ್ಪಿತಪ್ಪಿಯೂ ಮುಟ್ಟುವ ಹಾಗಿಲ್ಲ. ಸ್ಟ್ರೀಟ್‌ವಾಕರ್ ಅಂದರೆ ಅಲ್ಲಿ ಮೈಮಾರುವವಳು. ಅಮ್ಮ ಮಗಳಿಗೆ ಅಷ್ಟು ದೊಡ್ಡ ಮಾತು ಆಡಿರಲಿಲ್ಲ, ಆ ದಿಕ್ಕಿನ ಹೆದರಿಕೆ ಮಾತ್ರ ಇತ್ತು. ರೋಮ್ ಅಂದರೆ ದನ ಮೇಯುವ ಬಯಲು. ವಾಂಡರ್ ಅಂದರೆ ದಾರಿ ತಪ್ಪಿದ ಮಗು, ಇಲ್ಲವೇ ಕವಿ. ಕೊನೆಗೆ ಸಿಕ್ಕಿದ್ದು ಗ್ಯಾಡಿಂಗ್ ಅಬೌಟ್. ಕೆಲಸ ಬಿಟ್ಟು ಅಲ್ಲಿ ಇಲ್ಲಿ ತಿರುಗುವವರಿಗೆ, ಅದರಲ್ಲೂ ಹೆಂಗಸರಿಗೆ, ಇಂಗ್ಲಿಷ್ ಅಜ್ಜಿಯರು ಬಳಸುತ್ತಿದ್ದ ಮಾತು. ಬೈಗುಳದ ಕಾರ ಸರಿಯಾಗಿತ್ತು, ಕಾಲವೂ ಸರಿಹೋಯಿತು. ಮಗನಿಗೆ ನಾಕಿಂಗ್ ಅಬೌಟ್ ಸಾಕಾಯಿತು. ಮೂಲದಲ್ಲಿ ಒಂದೇ ಪದ, ಇಲ್ಲಿ ಎರಡು. ಆದರೂ ಅಬೌಟ್ ಅಬೌಟ್ ಅಂತ ಒಂದೇ ಬಾಲ ಇರುವುದರಿಂದ ಇಬ್ಬರನ್ನೂ ಬೈದದ್ದು ಒಂದೇ ಬಾಯಿ ಅನ್ನುವುದು ಉಳಿಯಿತು.

ರೊಂದಾರ್ ನನಗೆ ತುಂಬ ಇಷ್ಟವಾದ ಪದ. ರಾತ್ರಿ ಕಾವಲುಗಾರ ಗಸ್ತು ಹೊಡೆಯುವುದೂ ರೊಂದಾರ್, ಹುಡುಗ ಹುಡುಗಿಯ ಮನೆ ಬೀದಿಯಲ್ಲಿ ಸುಳಿದಾಡುವುದೂ ರೊಂದಾರ್. ಸಲಮಾಂಕಾದಲ್ಲಿ ತೂನಾ ಅಂತ ವಿದ್ಯಾರ್ಥಿಗಳ ಹಾಡಿನ ತಂಡಗಳಿವೆ. ಕಪ್ಪು ನಿಲುವಂಗಿ ತೊಟ್ಟು, ಗಿಟಾರ್ ಹಿಡಿದು, ಬಾಲ್ಕನಿ ಕೆಳಗೆ ನಿಂತು ಹಾಡುತ್ತಾರೆ. ಅವರು ಮಾಡುವುದೂ ಅದೇ. ಇಂಗ್ಲಿಷ್ ಇವನ್ನೆಲ್ಲ ಬೇರೆ ಬೇರೆ ಖಾನೆಗೆ ಹಾಕಿಬಿಟ್ಟಿದೆ. ಮೇಷ್ಟ್ರು ಹರೆಯದಲ್ಲಿ ಮುಂದೆ ಹೆಂಡತಿಯಾಗುವವರ ಬೀದಿಯಲ್ಲಿ ರೊಂದಾರ್ ಮಾಡುತ್ತಿದ್ದರು. ಪ್ರೌಲ್ ಹಾಕಿದರೆ ಯಾರಾದರೂ ಪೊಲೀಸರಿಗೆ ಫೋನ್ ಮಾಡಬೇಕು. ಹುಡುಗಿಯ ಮನಸ್ಸು ಗೆಲ್ಲಲು ಓಡಾಡುವುದಕ್ಕೆ ಕೋರ್ಟ್ ಅನ್ನುವ ಕ್ರಿಯಾಪದ ಇದೆ, ಅದನ್ನು ಹಾಕಿದರೆ ಆಗಲೇ ಮನೆಯೊಳಗೆ ಕೂರಿಸಿ ಕಾಫಿ ಕೊಟ್ಟ ಹಾಗೆ. ಹ್ಯಾಂಗಿಂಗ್ ಅರೌಂಡ್ ಹರ್ ಸ್ಟ್ರೀಟ್ ಅಂತ ಬರೆದೆ. ಹಾಡು ಹೋಯಿತು, ಹುಡುಗ ಉಳಿದ.

ದೆಯಾಂಬುಲಾರ್, ಮೆರೊದೆಯಾರ್ ಬೇಗ ಮುಗಿದವು. ದೆಯಾಂಬುಲಾರ್ ಗೊತ್ತುಗುರಿ ಇಲ್ಲದ್ದು, ಮೆರೊದೆಯಾರ್‌ನಲ್ಲಿ ಕೆಟ್ಟ ಉದ್ದೇಶದ ವಾಸನೆ. ಬಗಾರ್ ಮಾತ್ರ ಒಂದು ದಿನ ನಿಲ್ಲಿಸಿತು. ನಿಘಂಟಿನಲ್ಲಿ ಬಗಾರ್ ಎರಡಿವೆ. ಒಂದು ಅಲೆಯುವುದು, ಇನ್ನೊಂದು ಕೆಲಸವಿಲ್ಲದೆ ಇರುವುದು. ಎರಡಕ್ಕೂ ಲ್ಯಾಟಿನ್ ಮೂಲ ಬೇರೆ ಬೇರೆ, ಉಚ್ಚಾರ ಒಂದೇ. ಅಲೆಮಾರಿಯೂ ಸೋಮಾರಿಯೂ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದಾರೆ. 1933ರಲ್ಲಿ ಸ್ಪೇನ್ 'ಬಾಗೊ'ಗಳು, ಅಂದರೆ ಕೆಲಸವಿಲ್ಲದೆ ಅಲೆಯುವವರು, ಮತ್ತು ಪುಂಡರ ವಿರುದ್ಧ ಒಂದು ಕಾಯಿದೆಯನ್ನೇ ತಂದಿತು. 1954ರಲ್ಲಿ ಫ್ರಾಂಕೊ ಸರ್ಕಾರ ಅದಕ್ಕೆ ಸಲಿಂಗಕಾಮಿಗಳನ್ನೂ ಸೇರಿಸಿತು. ಸುಮ್ಮನೆ ಅಲೆಯುವವನ ಮೇಲೆ ಸರ್ಕಾರಕ್ಕೆ ಯಾವ ಕಾಲದಲ್ಲೂ ಗುಮಾನಿ ಅಲ್ವಾ? ಇಂಗ್ಲೆಂಡಿನದ್ದೂ ಅದೇ ಕತೆ, ಅಲೆಮಾರಿಗಳ ವಿರುದ್ಧದ ಅವರ ವೇಗ್ರೆನ್ಸಿ ಕಾಯಿದೆ 1824ರದ್ದು. ಹೀಗಾಗಿ ಇಲ್ಲಿ ವೇಗ್ರೆಂಟ್ ಎಂಬ ಕೋರ್ಟಿನ ಪದವೇ ಒಪ್ಪಿತು. ಕರಾರು ಕಾಗದಗಳಲ್ಲಿ ಕಳೆದ ವರ್ಷಗಳು ಆ ದಿನ ಉಪಯೋಗಕ್ಕೆ ಬಂದವು.

ಕೊನೆಯ ಭಾಗದ ಒಂದು ವಾಕ್ಯ ಇಡೀ ಕರಡನ್ನು ಬಿಚ್ಚಿ ಹಾಕಿತು. 'ಆ ಮಿ ತಿಯೊ ಲೊ ಪಸೆಯಾರೊನ್ ಎನ್ ಅಗೊಸ್ತೊ.' ಪದಕ್ಕೆ ಪದ ಇಟ್ಟರೆ, ನನ್ನ ದೊಡ್ಡಪ್ಪನನ್ನು ಆಗಸ್ಟ್‌ನಲ್ಲಿ ಅಡ್ಡಾಡಿಸಿದರು. ಅಷ್ಟೇ. ಹಿಂದೆ ಮುಂದೆ ವಿವರಣೆ ಇಲ್ಲ. ಮುಂದಿನ ವಾಕ್ಯದಲ್ಲಿ ದೊಡ್ಡಮ್ಮ ಸೂತಕದ ಕಪ್ಪು ಬಟ್ಟೆ ಹೊಲಿಸಿಕೊಳ್ಳುತ್ತಾರೆ.

ಇಸವಿ 1936, ಸ್ಪೇನಿನ ಅಂತರ್ಯುದ್ಧ ಶುರುವಾದ ವರ್ಷ. ಜುಲೈಯಲ್ಲಿ ಗಣರಾಜ್ಯ ಸರ್ಕಾರದ ವಿರುದ್ಧ ಸೈನ್ಯದ ದಂಗೆ ಶುರುವಾದ ಕೂಡಲೇ ಸಲಮಾಂಕಾ ದಂಗೆಕೋರರ ಕೈಗೆ ಹೋಯಿತು. ಅಲ್ಲಿ ರಣರಂಗ ಇರಲಿಲ್ಲ, ಗುಂಡು ಮಾತ್ರ ಇತ್ತು. ರಾತ್ರಿ ಮನೆ ಬಾಗಿಲು ತಟ್ಟುವುದು, ಒಂಚೂರು ಬನ್ನಿ ಅಂತ ಕರೆದೊಯ್ಯುವುದು, ಊರಾಚೆ ರಸ್ತೆ ಬದಿಯಲ್ಲಿ ಗುಂಡು ಹೊಡೆದು ಬಿಡುವುದು. ಇದಕ್ಕೆ ಜನ ಇಟ್ಟ ಹೆಸರು ಪಸೇಯೊ. ಎರಡೂ ಬಣದವರು ಇದನ್ನು ಮಾಡಿದರು, ಎರಡೂ ಕಡೆ ಇದೇ ಹೆಸರು. ಕವಿ ಗಾರ್ಸಿಯಾ ಲೋರ್ಕಾ ಗ್ರನಾದಾದ ಹತ್ತಿರ ಸತ್ತದ್ದೂ ಅದೇ ಆಗಸ್ಟ್‌ನಲ್ಲಿ. ಗಣರಾಜ್ಯದ ಕಾಲದ ಶಾಲಾ ಮೇಷ್ಟ್ರುಗಳ ಮೇಲೆ ದಂಗೆಕೋರರಿಗೆ ವಿಶೇಷ ಸಿಟ್ಟು. ನಮ್ಮ ಮೇಷ್ಟ್ರ ದೊಡ್ಡಪ್ಪನೂ ಶಾಲಾ ಮೇಷ್ಟ್ರು.

ಕೊಂದರು ಅಂತ ಬರೆದುಬಿಟ್ಟರೆ ಅರ್ಥ ಸರಿ. ಆದರೆ ಮೇಷ್ಟ್ರು ಹಾಗೆ ಬರೆದಿಲ್ಲ. ಅವರ ಮನೆಯಲ್ಲಿ ಯಾರೂ ಆ ಮಾತು ಆಡುತ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ಟೇಕನ್ ಫಾರ್ ಎ ರೈಡ್ ಅಂತ ಇದೆ. ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮುಗಿಸಿಬಿಡುವುದು, ಅಮೆರಿಕದ ಗ್ಯಾಂಗುಗಳ ಭಾಷೆ. ಕೆಲಸ ಒಂದೇ, ವಿಚಿತ್ರ ಅನ್ನುವಷ್ಟು ಹತ್ತಿರ. ಒಂದು ರಾತ್ರಿ ಅದನ್ನೇ ಇಟ್ಟು ಮಲಗಿದೆ. ಬೆಳಿಗ್ಗೆ ಓದಿದರೆ ದೊಡ್ಡಪ್ಪ ಶಿಕಾಗೋದಲ್ಲಿದ್ದರು. ಜೊತೆಗೆ ಈಗಿನವರಿಗೆ ಆ ಮಾತಿನ ಅರ್ಥ ಟೋಪಿ ಹಾಕಿಸಿಕೊಂಡ ಅಂತ.

ಬೇಕಾದದ್ದು ಬೇರೆ. ಬಾಲ್ಯದ ಅಧ್ಯಾಯಗಳಲ್ಲಿ ಅಪ್ಪನ ಕೈ ಹಿಡಿದು ಹೋದ ಪಸೇಯೊ, ಚೌಕದಲ್ಲಿ ಹುಡುಗಿ ನಕ್ಕ ಪಸೇಯೊ, ಇಲ್ಲಿ ದೊಡ್ಡಪ್ಪನ ಪಸೇಯೊ. ಓದುಗರಿಗೆ ಮೂರೂ ಒಂದೇ ಪದವಾಗಿ ಸಿಗಬೇಕು. ಆಗ ವಿವರಣೆ ಬೇಕಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಈ ಮೂರನ್ನೂ ಹೊರಬಲ್ಲ ಪದ ವಾಕ್ ಒಂದೇ. 'ದೇ ಟುಕ್ ಮೈ ಅಂಕಲ್ ಫಾರ್ ಎ ವಾಕ್ ಇನ್ ಆಗಸ್ಟ್.' ಸ್ಟ್ರೋಲ್ ಇಲ್ಲಿ ಅಸಹ್ಯವಾಗುತ್ತದೆ, ಕೊಲೆಗಾರರು ಜೋಕ್ ಹೊಡೆದ ಹಾಗೆ. ಪ್ರಾಮನೇಡ್ ಮಾತೇ ಬೇಡ. ಇಲ್ಲಿ ವಾಕ್ ನಿಲ್ಲಬೇಕಾದರೆ ಮೊದಲ ಪುಟದಿಂದಲೂ ವಾಕ್ ಇರಬೇಕು.

ಹಾಗಾಗಿ ಮೊದಲ ಅಧ್ಯಾಯಕ್ಕೆ ವಾಪಸ್ ಹೋದೆ. ಪಸೇಯೊ ಬಂದ ಕಡೆಯೆಲ್ಲ ಸ್ಟ್ರೋಲ್ ಕಿತ್ತು ವಾಕ್ ನೆಟ್ಟೆ. ಸಾಂಟರ್, ಆಂಬಲ್ ಎಲ್ಲ ಹೋದವು. ಅಳಿಯನಿಗಾಗಿ ಜೀವ ತುಂಬಿದ್ದ ವಾಕ್ಯಗಳು ಮತ್ತೆ ಬೋಳಾದವು. ಆ ಬೋಳುತನವನ್ನು ಹಾಗೇ ಬಿಡಲೂ ಆಗದು. ನಿಧಾನ, ಆರಾಮ, ಜೊತೆಗಿದ್ದವರು, ಹೊತ್ತು, ಇವನ್ನೆಲ್ಲ ಕ್ರಿಯಾಪದದಿಂದ ತೆಗೆದು ಅಕ್ಕಪಕ್ಕದ ಪದಗಳಿಗೆ ಹಂಚಿದೆ. ಅಪ್ಪ ಚೌಕಕ್ಕೆ ನಡೆದು ಬಂದರು, ಟೋಪಿ ಕೈಯಲ್ಲಿ, ಎರಡು ಅಂಗಡಿಗೊಮ್ಮೆ ನಿಲ್ಲುತ್ತಾ. ಮೂಲದಲ್ಲಿ ಟೋಪಿ ಆಚೆ ವಾಕ್ಯದಲ್ಲಿ ಇತ್ತು, ನಿಲ್ಲುವುದು ಈಚೆ ವಾಕ್ಯದಲ್ಲಿ. ಸ್ವಲ್ಪ ಸರಿಸಿದ್ದೇನೆ, ಹೊರಗಿಂದ ತಂದಿಲ್ಲ.

ಇದು ಹಿಡಿದಷ್ಟು ಸಮಯ ಮೊದಲ ಕರಡಿಗೂ ಹಿಡಿದಿರಲಿಲ್ಲ. ನನ್ನ ಪ್ರಕಾರ ಅನುವಾದ ಅಂದರೆ ಈ ಎರಡನೇ ಸಲದ್ದೇ. ಮೊದಲನೆಯದು ನಿಘಂಟಿನ ಕೆಲಸ.

ಹೊಸ ಕರಡು ಹೋಯಿತು. ಅಳಿಯನಿಂದ ಹಳದಿ ಬಣ್ಣ ಬಳಿದ ಕಡತ ವಾಪಸ್ ಬಂತು. ವಾಕ್, ವಾಕ್, ವಾಕ್, ಇಷ್ಟೊಂದು ಯಾಕೆ, ಇಂಗ್ಲಿಷ್‌ನಲ್ಲಿ ಬೇರೆ ಪದವೇ ಇಲ್ಲವೇ ಅಂತ ಪ್ರಶ್ನೆ. ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬಳಸಬೇಡಿ ಅಂತ ಕಲಿಸಿದ ಪ್ರಭಾವ. ಆಗಸ್ಟ್ ಅಧ್ಯಾಯದವರೆಗೆ ಓದಿ, ಆಮೇಲೆ ಬಣ್ಣ ಬಳಿಯಿರಿ ಅಂತಷ್ಟೇ ಬರೆದೆ. ವಾರ ಬಿಟ್ಟು ಹಳದಿ ಇಲ್ಲದ ಕಡತ ಬಂತು. ಮಗಳು ಕೆಳಗೆ ಒಂದು ಸಾಲು ಸೇರಿಸಿದ್ದರು. ಅಪ್ಪ ಆ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ ತೋರಿಸಿದ್ದರಂತೆ, ಪಸೆಯಾರೊನ್ ಅನ್ನುವಾಗ ದನಿ ಒಂಚೂರೂ ಬದಲಾಗಿರಲಿಲ್ಲವಂತೆ.

ಉಳಿದದ್ದು ಕೊನೆಯ ಅಧ್ಯಾಯ. ಅಲ್ಲಿ ಮೇಷ್ಟ್ರು ಶಾಲೆ ತನಿಖೆಗೆ ಬಂದ ಇನ್ಸ್‌ಪೆಕ್ಟರಿಗೆ ಮನಸ್ಸಿನಲ್ಲೇ 'ಬೆತೆ ಆ ಪಸೇಯೊ' ಅಂತಾರೆ. ಅಂದರೆ ಹೋಗಯ್ಯಾ ಅತ್ಲಾಗೆ. ಇಲ್ಲಿ ನಾನು ಏನೂ ಹುಡುಕಬೇಕಾಗಲಿಲ್ಲ. 'ಟೇಕ್ ಎ ವಾಕ್' ಅಂದರೆ ಇಂಗ್ಲಿಷ್‌ನಲ್ಲೂ ಅದೇ ಬೈಗುಳ. ಆ ಸಾಲಿಗೆ ಅಳಿಯನಿಂದ ಒಂದೂ ಪ್ರಶ್ನೆ ಬರಲಿಲ್ಲ.